ಮೊದಲ ಕೌದಿ: ಹೊಸ ಕೈಗೆ ಎದುರಾಗುವ ತೊಡಕುಗಳು

(ರೈತ ಮಹಿಳೆಯರ ಸಭೆಯಲ್ಲಿ ನೀಡಿದ ಭಾಷಣ)



ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ತಾಲ್ಲೂಕುಗಳಲ್ಲಿ ಕೌದಿಯಿಲ್ಲದ ರೈತರ ಮನೆ ಅಪರೂಪ. ಹಾಸಲಿಕ್ಕೂ ಕೌದಿ, ಹೊದೆಯಲಿಕ್ಕೂ ಕೌದಿ. ಕೂಸಿನ ತೊಟ್ಟಿಲಿಗೆ, ಬಾಣಂತಿಯ ಹೊರಸಿಗೆ, ಬೆಳೆ ಕಾಯಲು ಹೊಲದಲ್ಲಿ ಮಲಗುವವರಿಗೆ, ಜಾತ್ರೆಗೆ ಹೊರಟ ಬಂಡಿಗೆ ಕೌದಿ ಬೇಕು. ದುಡಿಮೆಗಾಗಿ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋಗುವ ಕುಟುಂಬಗಳ ಗಂಟಿನಲ್ಲಿಯೂ ಪಾತ್ರೆಪಗಡಗಳ ಜೊತೆಗೆ ಒಂದೆರಡು ಕೌದಿ ಇದ್ದೇ ಇರುತ್ತವೆ. 2009ರ ಡಿಸೆಂಬರಿನವರೆಗೆ ಗುಲಬರ್ಗಾ ಜಿಲ್ಲೆಯಲ್ಲಿದ್ದ ಈ ತಾಲ್ಲೂಕುಗಳು ಈಗ ಯಾದಗಿರಿ ಜಿಲ್ಲೆಯಲ್ಲಿವೆ. ಜಿಲ್ಲೆ ಬದಲಾದರೂ ಕೌದಿಯ ಬಳಕೆ ಬದಲಾಗಿಲ್ಲ.

ಬದಲಾಗಿರುವುದು ಕೌದಿ ಹೊಲಿಯುವವರ ಸಂಖ್ಯೆ. ಹಿಂದೆ ಬೇಸಿಗೆಯ ಮಧ್ಯಾಹ್ನ ಕಟ್ಟೆಯ ಮೇಲೋ ಬೇವಿನ ನೆರಳಿನಲ್ಲೋ ನಾಲ್ಕು ಜನ ಹೆಣ್ಣುಮಕ್ಕಳು ಕೌದಿಯ ಸುತ್ತ ಕೂಡುತ್ತಿದ್ದರು. ಮಗಳು ದಾರ ಪೋಣಿಸಿಕೊಡುತ್ತಲೇ ಹೊಲಿಗೆ ಕಲಿಯುತ್ತಿದ್ದಳು. ಯಾರೂ ಕಲಿಸಿದ್ದೂ ಇಲ್ಲ, ಕಲಿತದ್ದು ಗೊತ್ತಾಗುತ್ತಲೂ ಇರಲಿಲ್ಲ. ಈಗ ಹುಡುಗಿಯರು ಶಾಲೆ ಕಾಲೇಜಿಗೆ ಹೋಗುತ್ತಾರೆ. ಅದು ಸಂತೋಷದ ಸಂಗತಿ. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗಿನ ಊರುಗಳಲ್ಲಿ ಎರಡನೆಯ ಬೆಳೆಗೆ ನೀರು ಸಿಕ್ಕ ವರ್ಷ ಬೇಸಿಗೆಯ ಬಿಡುವೂ ಇರುವುದಿಲ್ಲ. ಒಣಬೇಸಾಯದ ಊರುಗಳಲ್ಲಿ ಬೇಸಿಗೆ ಎಂದರೆ ಗುಳೆ ಹೋಗುವ ಕಾಲ. ಹೀಗಾಗಿ ಕೌದಿ ಹೊಲಿಗೆಯನ್ನು ನೋಡಿ ಕಲಿಯುವ ಅವಕಾಶ ತಪ್ಪಿದೆ. ಇಪ್ಪತ್ತೈದು ಮೂವತ್ತರ ವಯಸ್ಸಿನಲ್ಲಿ ಮನೆಗೆ ಕೂಸು ಬಂದಾಗ ಅನೇಕ ಹೆಣ್ಣುಮಕ್ಕಳು ಮೊಟ್ಟಮೊದಲ ಸಲ ಕೌದಿಗೆ ಸೂಜಿ ಹಿಡಿಯುತ್ತಾರೆ. ಕೆಲವರು ಎರಡು ದಿನ ಹೊಲಿದು, ಬೆರಳು ಚುಚ್ಚಿಕೊಂಡು, ಅರ್ಧ ಹೊಲಿದ ಕೌದಿಯನ್ನು ಮಡಿಚಿ ಅಟ್ಟದ ಮೇಲೆ ಇಡುತ್ತಾರೆ. "ನನಗ ಇದು ಬರಂಗಿಲ್ಲ" ಎಂದು ಅಲ್ಲಿಗೆ ಕೈಬಿಡುತ್ತಾರೆ.

ಬರುವುದಿಲ್ಲ ಎಂಬುದು ಸರಿಯಲ್ಲ. ಕೌದಿಗೆ ಬೇಕಾದ ಹೊಲಿಗೆ ಒಂದೇ. ಅದು ಸೂಜಿಯನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಆಡಿಸುತ್ತ ಸಾಗುವ ನೇರ ಟಾಕು. ಅಂಗಿಯ ಗುಂಡಿ ಹಚ್ಚಲು ಬಲ್ಲವರಿಗೆ ಇದು ಬಂದೇ ಬರುತ್ತದೆ. ಮೊದಲ ಕೌದಿ ಕೆಡುವುದು ಹೆಚ್ಚಾಗಿ ಸೂಜಿ ಹಿಡಿಯುವುದಕ್ಕಿಂತ ಮುಂಚೆ, ಅಂದರೆ ಅರಿವೆ ಆರಿಸುವಾಗ, ಅಳತೆ ಗೊತ್ತುಮಾಡುವಾಗ ಮತ್ತು ಪದರು ಹಾಸುವಾಗ. ಈ ಮೂರು ಕೆಲಸಗಳನ್ನು ನಿಧಾನವಾಗಿ ಮಾಡಿದರೆ ಹೊಲಿಗೆ ತಾನಾಗಿಯೇ ಹದಕ್ಕೆ ಬರುತ್ತದೆ.

ಒಂದು ಮನೆಯ ಉದಾಹರಣೆ

ಹೊಸಬರ ತೊಡಕುಗಳು ಎಲ್ಲ ಊರುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಕೂಡಿಸಿ ಒಂದು ಮನೆಯ ಸೊಸೆಯನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಆಕೆ ಮನೆಯಲ್ಲಿದ್ದ ಹಳೆಯ ಅರಿವೆಗಳನ್ನೆಲ್ಲ ರಾಶಿ ಹಾಕಿದಳು. ಅತ್ತೆಯ ಇಳಕಲ್ ಸೀರೆ, ಮಾವನ ಧೋತರ, ತನ್ನ ಪಾಲಿಯೆಸ್ಟರ್ ಸೀರೆ, ಗಂಡನ ದಪ್ಪ ಪ್ಯಾಂಟು, ಮಕ್ಕಳ ಶಾಲೆಯ ಅಂಗಿ ಎಲ್ಲವೂ ಅದರಲ್ಲಿದ್ದವು. ಮೊದಲ ಸಲವೇ ಇಬ್ಬರು ಮಲಗುವಷ್ಟು ದೊಡ್ಡ ಕೌದಿ ಹಾಸಿದಳು. ಬೆಚ್ಚಗಿರಲೆಂದು ಆರು ಪದರು ಇಟ್ಟಳು. ಒಂದು ಮೂಲೆಯಿಂದ ಹೊಲಿಯುತ್ತ ಹೊರಟಳು.

ಪ್ಯಾಂಟಿನ ಅರಿವೆ ಬಂದಲ್ಲಿ ಸೂಜಿ ಬಾಗಿತು. ಪಾಲಿಯೆಸ್ಟರ್ ಬಂದಲ್ಲಿ ಪದರು ಜಾರಿತು. ನಡುವಿಗೆ ಬರುವ ಹೊತ್ತಿಗೆ ಮೇಲಿನ ಅರಿವೆ ಉಬ್ಬಿ ಗುಡ್ಡದಂತಾಯಿತು, ಕೆಳಗಿನದು ಮಡಿಚಿಕೊಂಡು ಗಂಟಾಯಿತು. ಮಡಿಲ ಮೇಲೆ ಎಳೆದುಕೊಂಡು ಹೊಲಿದದ್ದರಿಂದ ಉಟ್ಟ ಸೀರೆಯ ಸೆರಗೂ ಕೌದಿಗೆ ಸೇರಿ ಹೊಲಿಗೆಯಾಗಿತ್ತು.

"ಅತ್ತೀ, ಇದರಾಗ ಸೂಜೀನೇ ಇಳೀವಲ್ದು" ಎಂದಳು ಸೊಸೆ.

"ಸೂಜೀದೇನು ತಪ್ಪವ್ವಾ, ಅರಿವಿ ನೋಡಿ ಹಾಕಬೇಕಿತ್ತು" ಎಂದಳು ಅತ್ತೆ.

ಅತ್ತೆಯ ಮಾತಿನಲ್ಲಿ ಪೂರ್ಣ ಪಾಠವಿದೆ. ಆದರೆ ಅರಿವೆ ನೋಡಿ ಹಾಕುವುದೆಂದರೆ ಏನು ಎಂಬುದನ್ನು ಹಳಬರು ಬಿಡಿಸಿ ಹೇಳುವುದು ಕಡಿಮೆ. ಅವರ ಕೈಗೆ ಅದು ಗೊತ್ತು, ಮಾತಿಗೆ ಬರುವುದಿಲ್ಲ. ಅದನ್ನು ಇಲ್ಲಿ ಕ್ರಮವಾಗಿ ತಿಳಿಸಲಾಗಿದೆ.

ಅರಿವೆ ಆರಿಸುವುದು

ಕೌದಿಗೆ ಹತ್ತಿಯ ಅರಿವೆಯೇ ಉತ್ತಮ. ಹತ್ತಿ ಬೆವರು ಹೀರುತ್ತದೆ, ಸೂಜಿಗೆ ದಾರಿ ಕೊಡುತ್ತದೆ, ಪದರುಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಪಾಲಿಯೆಸ್ಟರ್ ಮತ್ತು ನೈಲಾನ್ ಬೆವರು ಹೀರುವುದಿಲ್ಲ, ಹೊಲಿಯುವಾಗ ಜಾರುತ್ತವೆ. ಒಲೆಯ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತವೆ. ಒಲೆಯ ಹತ್ತಿರ ಮಲಗುವ ಮುದುಕರಿಗೆ, ಬಾಣಂತಿಗೆ, ಕೂಸಿಗೆ ಇಂಥ ಕೌದಿ ಕೊಡಬಾರದು.

ಇಂದಿನ ಬಟ್ಟೆಗಳಲ್ಲಿ ಹತ್ತಿ ಯಾವುದು, ಮಿಶ್ರಣ ಯಾವುದು ಎಂದು ಕಣ್ಣಿನಿಂದ ಹೇಳುವುದು ಕಷ್ಟ. ಇದಕ್ಕೆ ಸುಲಭ ಪರೀಕ್ಷೆಯೊಂದಿದೆ. ಅರಿವೆಯ ಅಂಚಿನಿಂದ ನಾಲ್ಕೈದು ಎಳೆ ಕಿತ್ತು, ಚಿಮಟಿಗೆಯಲ್ಲಿ ಹಿಡಿದು ದೀಪಕ್ಕೆ ತೋರಿಸಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಉಳಿಯುವುದು ಮೆತ್ತನೆಯ ಬೂದಿ. ಪಾಲಿಯೆಸ್ಟರ್ ಆದರೆ ಎಳೆ ಮುದುಡಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಂತಾಗುತ್ತದೆ. ಮಿಶ್ರಣದಲ್ಲಿ ಬೂದಿಯೂ ಗಟ್ಟಿ ಹರಳೂ ಎರಡೂ ಕಾಣುತ್ತವೆ. ಈ ಪರೀಕ್ಷೆಯನ್ನು ಅರಿವೆಯ ರಾಶಿಯಿಂದ ದೂರದಲ್ಲಿ, ಪಕ್ಕದಲ್ಲಿ ನೀರು ಇಟ್ಟುಕೊಂಡು ಮಾಡತಕ್ಕದ್ದು. ಕರಗಿದ ಹನಿಯನ್ನು ಬೆರಳಿನಿಂದ ಮುಟ್ಟಬಾರದು.

ಎರಡನೆಯದಾಗಿ ಅರಿವೆಯ ಬಲ ನೋಡಬೇಕು. ಎರಡೂ ಕೈಗಳಿಂದ ಹಿಡಿದು ಜಗ್ಗಿದಾಗ ಚರ್‍ರೆಂದು ಹರಿದರೆ ಅದು ಕೌದಿಯ ಮೇಲ್ಪದರಿಗೆ ಬೇಡ, ಒಳಪದರಿಗೆ ಇರಲಿ. ಸೀರೆಯಲ್ಲಿ ಕುಳಿತೇಳುವ ಭಾಗ ಬೇಗ ಸವೆದಿರುತ್ತದೆ, ಸೆರಗು ಮತ್ತು ಒಳಸುತ್ತಿನ ಭಾಗ ಗಟ್ಟಿಯಾಗಿ ಉಳಿದಿರುತ್ತವೆ. ಧೋತರದಲ್ಲಿಯೂ ಇದೇ ರೀತಿ. ಆದ್ದರಿಂದ ಇಡೀ ಸೀರೆಯನ್ನು ಒಂದೇ ಎಂದು ತಿಳಿಯದೆ ಭಾಗ ಭಾಗವಾಗಿ ನೋಡಿ ಕತ್ತರಿಸಬೇಕು.

ಮೂರನೆಯದಾಗಿ ದಪ್ಪ. ದಪ್ಪ ಪ್ಯಾಂಟಿನ ತುಂಡನ್ನೂ ತೆಳ್ಳನೆಯ ಸೀರೆಯ ತುಂಡನ್ನೂ ಪಕ್ಕಪಕ್ಕದಲ್ಲಿ ಜೋಡಿಸಿದರೆ ಗಟ್ಟಿ ಅರಿವೆ ಮೆತ್ತನೆಯದನ್ನು ಎಳೆದು ಹರಿಯುತ್ತದೆ. ಹೊಸ ಎತ್ತಿನ ಜೊತೆ ಬಡ ಎತ್ತು ಕಟ್ಟಿದಂತೆ. ಒಂದು ಕೌದಿಗೆ ಒಂದೇ ದಪ್ಪದ ಅರಿವೆ ಇರಬೇಕು. ದಪ್ಪ ಅರಿವೆಗಳನ್ನು ಬೇರೆ ಕಟ್ಟಿಟ್ಟು, ಮುಂದೆ ಕೈ ಕುದುರಿದ ಮೇಲೆ ಅವುಗಳಿಂದಲೇ ಒಂದು ಹಾಸುಗೌದಿ ಮಾಡಬಹುದು.

ನಾಲ್ಕನೆಯದಾಗಿ ಬಣ್ಣ ಮತ್ತು ಕುಗ್ಗುವಿಕೆ. ಒದ್ದೆ ಮಾಡಿದ ಬಿಳಿ ಅರಿವೆಯಿಂದ ಉಜ್ಜಿ ನೋಡಿದರೆ ಬಣ್ಣ ಬಿಡುವ ಅರಿವೆ ತಿಳಿಯುತ್ತದೆ. ಅಂಥದನ್ನು ಕೂಸಿನ ಕೌದಿಗೆ ಬಳಸಬಾರದು. ದರ್ಜಿಯ ಅಂಗಡಿಯಿಂದ ತಂದ ಹೊಸ ಹತ್ತಿಬಟ್ಟೆಯ ಚೂರುಗಳನ್ನು ಒಗೆಯದೆ ಹಚ್ಚಿದರೆ ಮೊದಲ ಒಗೆತದಲ್ಲಿ ಅವು ಕುಗ್ಗಿ ಇಡೀ ಕೌದಿ ಸುಕ್ಕುಗಟ್ಟುತ್ತದೆ. ಹೊಸದಿರಲಿ ಹಳೆಯದಿರಲಿ, ಎಲ್ಲ ಅರಿವೆಗಳನ್ನೂ ಒಗೆದು ಬಿಸಿಲಿನಲ್ಲಿ ಒಣಗಿಸಿಯೇ ಕತ್ತರಿ ಹಿಡಿಯಬೇಕು.

ಎಣ್ಣೆ ಹೊಡೆದ ಬಟ್ಟೆ ಬೇಡ

ಇದು ರೈತರ ಮನೆಗಳಿಗೆ ಬಹು ಮುಖ್ಯವಾದ ವಿಷಯ. ಹತ್ತಿ, ಮೆಣಸಿನಕಾಯಿ, ಭತ್ತ, ತೊಗರಿ ಬೆಳೆಗಳಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವಾಗ ತೊಡುವುದು ಸಾಮಾನ್ಯವಾಗಿ ಹಳೆಯ ಅಂಗಿ, ಹಳೆಯ ಲುಂಗಿ. ಕೌದಿಗೆ ಸೇರುವುದೂ ಹಳೆಯ ಬಟ್ಟೆಯೇ. ಇಲ್ಲಿಯೇ ಅಪಾಯವಿದೆ. ಕೀಟನಾಶಕ ಎಳೆಗಳ ಒಳಕ್ಕೆ ಇಳಿದಿರುತ್ತದೆ. ಒಂದೆರಡು ಒಗೆತಕ್ಕೆ ಪೂರ್ತಿ ಹೋಗುತ್ತದೆಂದು ನಂಬುವಂತಿಲ್ಲ. ಅಂಥ ಬಟ್ಟೆ ಕೌದಿಯ ಪದರಾದರೆ ರಾತ್ರಿಯಿಡೀ ಮೈಗೆ ತಾಗಿರುತ್ತದೆ. ಕೂಸು ಕೌದಿಯ ಅಂಚನ್ನು ಬಾಯಲ್ಲಿಟ್ಟು ಚೀಪುತ್ತದೆ ಎಂಬುದನ್ನು ಮರೆಯಬಾರದು.

ಆದುದರಿಂದ ಎಣ್ಣೆ ಹೊಡೆಯಲು ಬಳಸಿದ ಬಟ್ಟೆಗಳನ್ನು ಮನೆಯ ಅರಿವೆಗಳ ಗಂಟಿಗೆ ಸೇರಿಸಲೇಬಾರದು. ಅವುಗಳನ್ನು ಬೇರೆ ಇಟ್ಟು, ಬೇರೆಯಾಗಿ ಒಗೆದು, ಅದೇ ಕೆಲಸಕ್ಕೆ ಮಾತ್ರ ಬಳಸಬೇಕು. ನೀರು ಬೆರೆಸದ ಗಟ್ಟಿ ಎಣ್ಣೆಯೇ ಚೆಲ್ಲಿದ ಬಟ್ಟೆಯನ್ನು ಮತ್ತೆ ತೊಡಲಿಕ್ಕೂ ಇಟ್ಟುಕೊಳ್ಳಬಾರದು. ಗೊಬ್ಬರದ ಮತ್ತು ಔಷಧದ ಚೀಲಗಳನ್ನು ಕೌದಿಯ ಒಳಪದರಾಗಿ ಹಾಕುವುದೂ ತಪ್ಪು. ಕೌದಿಗಾಗಿ ಅರಿವೆ ಕೂಡಿಹಾಕುವವರು ಹೆಂಗಸರು, ಎಣ್ಣೆ ಹೊಡೆಯುವವರು ಹೆಚ್ಚಾಗಿ ಗಂಡಸರು. ಯಾವ ಅಂಗಿ ಯಾವುದಕ್ಕೆ ಬಳಕೆಯಾಗಿದೆ ಎಂದು ಗಂಡಸರೇ ತಿಳಿಸಬೇಕು.

ಕತ್ತರಿಸುವ ಬಗೆ

ನೆಯ್ದ ಅರಿವೆಯಲ್ಲಿ ಹಾಸು, ಹೊಕ್ಕು ಎಂದು ಎರಡು ದಿಕ್ಕಿನ ಎಳೆಗಳಿರುತ್ತವೆ. ಈ ಎರಡು ದಿಕ್ಕಿಗೆ ಎಳೆದರೆ ಅರಿವೆ ಹಿಗ್ಗುವುದು ಕಡಿಮೆ. ಓರೆಯಾಗಿ ಮೂಲೆಯಿಂದ ಮೂಲೆಗೆ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ. ಹೊಸಬರು ಹರಕನ್ನು ತಪ್ಪಿಸಲು ಓರೆಯಾಗಿ ಕತ್ತರಿಸುತ್ತಾರೆ. ಹಾಗೆ ಕತ್ತರಿಸಿದ ತುಂಡು ಹೊಲಿಯುತ್ತ ಹೋದಂತೆ ಉದ್ದವಾಗಿ, ಜೋಡಿಸಿದ ತುಂಡಿಗೆ ಸರಿಹೊಂದದೆ ಅಂಚು ಅಲೆಯಂತಾಗುತ್ತದೆ. ಹತ್ತಿ ಸೀರೆ, ಧೋತರಗಳನ್ನು ಅಂಚಿನಲ್ಲಿ ಸ್ವಲ್ಪ ಕತ್ತರಿಸಿಕೊಂಡು ಕೈಯಿಂದ ಸೀಳಿದರೆ ಎಳೆಯ ದಿಕ್ಕಿಗೇ ನೇರವಾಗಿ ಸೀಳುತ್ತದೆ. ಇದಕ್ಕೆ ಅಳತೆಪಟ್ಟಿಯೂ ಬೇಡ. ಮೊದಲ ಕೌದಿಗೆ ಚೌಕ ಮತ್ತು ಉದ್ದ ಪಟ್ಟಿಗಳು ಸಾಕು. ಒಂದು ಗೇಣು ಅಗಲದ ಚೌಕಗಳನ್ನು ಬಣ್ಣ ಬದಲಿಸಿ ಜೋಡಿಸಿದರೂ ನೋಡಲು ಲಕ್ಷಣವಾಗಿರುತ್ತದೆ. ತ್ರಿಕೋನ, ಹೂವು, ತೇರಿನ ಆಕಾರಗಳು ಕೈ ಕುದುರಿದ ಮೇಲೆ.

ಅಳತೆಯ ಲೆಕ್ಕ

ದೊಡ್ಡ ಕೌದಿಯಿಂದ ಪ್ರಾರಂಭಿಸುವುದು ಹೊಸಬರ ಅತಿ ದೊಡ್ಡ ತಪ್ಪು. ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. 6 ಅಡಿ ಉದ್ದ, 4 ಅಡಿ ಅಗಲದ ಕೌದಿಗೆ ಒಂದೊಂದು ಅಂಗುಲಕ್ಕೆ ಒಂದು ಸಾಲಿನಂತೆ ಉದ್ದಕ್ಕೂ ಹೊಲಿದರೆ ಸುಮಾರು 48 ಸಾಲುಗಳಾಗುತ್ತವೆ. ಅಂದರೆ 288 ಅಡಿ ಹೊಲಿಗೆ. ಅಂಗುಲಕ್ಕೆ 3 ಟಾಕು ಹಿಡಿದರೂ 10 ಸಾವಿರ ಟಾಕುಗಳಿಗೆ ಮಿಕ್ಕುತ್ತದೆ. ಜೋಡಿ ಎಳೆಯಲ್ಲಿ ಹೊಲಿಯಲು, ಗಂಟು ಮತ್ತು ಪದರಿನ ದಪ್ಪಕ್ಕೆ ತಗಲುವುದೂ ಸೇರಿ, ಸುಮಾರು 200 ಮೀಟರ್ ದಾರ ಬೇಕು. ಹೊಸ ಕೈ ಒಂದು ಸಾಲಿಗೆ ಅರ್ಧ ಗಂಟೆ ತೆಗೆದುಕೊಂಡರೆ ಸಾಲುಗಳಿಗೇ 24 ಗಂಟೆ ಆಯಿತು. ದಿನಕ್ಕೆ 2 ಗಂಟೆಯಂತೆ ಕೂತರೂ 12 ದಿನ. ಅರಿವೆ ಒಗೆದು, ಕತ್ತರಿಸಿ, ಜೋಡಿಸುವ ಸಮಯ ಬೇರೆ. ಹೊಲ, ಮನೆ, ದನಕರು ನೋಡಿಕೊಳ್ಳುವ ಹೆಣ್ಣುಮಗಳು ನಡುವೆ ಬೇಸತ್ತು ಬಿಟ್ಟರೆ ಆಶ್ಚರ್ಯವಿಲ್ಲ.

ಅದೇ ಕೂಸಿನ ಕೌದಿಯಾದರೆ 3 ಅಡಿ ಉದ್ದ, ಎರಡೂವರೆ ಅಡಿ ಅಗಲ ಸಾಕು. ಸುಮಾರು 30 ಸಾಲು, 90 ಅಡಿ ಹೊಲಿಗೆ. ದೊಡ್ಡ ಕೌದಿಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ನಾಲ್ಕೈದು ಸಾಲು ಮುಗಿಯುವಷ್ಟರಲ್ಲಿ ಕೈಗೆ ಹದ ಸಿಗುತ್ತದೆ, ಬೇಸರ ಬರುವುದರೊಳಗೆ ಕೆಲಸ ಮುಗಿಯುತ್ತದೆ. ಮೊದಲ ಕೌದಿಗೆ ಮೂರು ಪದರು ಸಾಕು. ಕೆಳಗೊಂದು ಗಟ್ಟಿ ಅರಿವೆ, ನಡುವೆ ಸವೆದ ಮೆತ್ತನೆಯ ಧೋತರ, ಮೇಲೆ ಜೋಡಿಸಿದ ತುಂಡುಗಳು. ಪದರು ಹೆಚ್ಚಿದಂತೆ ಸೂಜಿಯ ಕಷ್ಟ ಹೆಚ್ಚುತ್ತದೆ, ಒಗೆದ ಮೇಲೆ ಒಣಗುವುದೂ ತಡ.

ಹಾಸುವುದು ಮತ್ತು ಕಚ್ಚಾ ಹೊಲಿಗೆ

ಗುಡಿಸಿ ಒರೆಸಿದ ಸಮತಟ್ಟಾದ ನೆಲದ ಮೇಲೆ ಕೆಳಪದರನ್ನು ಹಾಸಿ ನಾಲ್ಕು ಮೂಲೆಗೂ ಕಲ್ಲೋ ತಂಬಿಗೆಯೋ ಭಾರ ಇಡಬೇಕು. ಅರಿವೆ ಬಿಗಿಯಾಗಿರಬೇಕೇ ಹೊರತು ಎಳೆದು ಹಿಗ್ಗಿಸಿರಬಾರದು. ಅದರ ಮೇಲೆ ನಡುಪದರು, ಆಮೇಲೆ ಮೇಲ್ಪದರು. ಪ್ರತಿ ಪದರನ್ನೂ ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರಿ ಸುಕ್ಕು ಹೊರಗೆ ತಳ್ಳಬೇಕು. ಕೆಳಪದರು ಸುತ್ತಲೂ ಎರಡು ಬೆರಳು ದೊಡ್ಡದಿದ್ದರೆ ಅದನ್ನೇ ಮೇಲಕ್ಕೆ ಮಡಿಚಿ ಅಂಚು ಕಟ್ಟಬಹುದು.

ಇನ್ನು ಹೊಸಬರು ಬಿಟ್ಟೇಬಿಡುವ ಕೆಲಸವೆಂದರೆ ಕಚ್ಚಾ ಹೊಲಿಗೆ. ಒಂದು ಗೇಣಿಗೆ ಒಂದು ಸಾಲಿನಂತೆ, ಉದ್ದುದ್ದ ಟಾಕು ಹಾಕಿ, ಮೂರೂ ಪದರುಗಳನ್ನು ತಾತ್ಕಾಲಿಕವಾಗಿ ಹಿಡಿದಿಡಬೇಕು. ನಡುವಿನಿಂದ ಪ್ರಾರಂಭಿಸಿ ನಾಲ್ಕೂ ದಿಕ್ಕಿಗೆ ಹೋಗಬೇಕು. ಕೂಸಿನ ಕೌದಿಗೆ ಇದು ಅರ್ಧ ಗಂಟೆಯ ಕೆಲಸ. ಅನುಭವಸ್ಥರು ಇದಿಲ್ಲದೆಯೂ ಹೊಲಿಯುತ್ತಾರೆ, ಏಕೆಂದರೆ ಅವರ ಎಡಗೈ ಅರಿವೆಯ ಕೆಳಗೆ ಇದ್ದು ಸುಕ್ಕನ್ನು ಆಗಾಗ ಬಿಡಿಸುತ್ತಿರುತ್ತದೆ. ಹೊಸಬರ ಎಡಗೈಗೆ ಆ ಅಭ್ಯಾಸ ಬಂದಿರುವುದಿಲ್ಲ. ಉದಾಹರಣೆಯ ಸೊಸೆಯ ಕೌದಿ ಗುಡ್ಡದಂತೆ ಉಬ್ಬಿದ್ದಕ್ಕೆ ಕಾರಣ ಇದೇ.

ಸೂಜಿ, ದಾರ, ಟಾಕು

ಸಣ್ಣ ಸೂಜಿ ಬಾಗುತ್ತದೆ. ಚೀಲ ಹೊಲಿಯುವ ದಬ್ಬಣ ಅರಿವೆಯಲ್ಲಿ ತೂತು ಉಳಿಸುತ್ತದೆ. ಎರಡು ಎರಡೂವರೆ ಅಂಗುಲ ಉದ್ದದ, ಜೋಡಿ ಎಳೆ ಹಿಡಿಯುವಷ್ಟು ಕಣ್ಣಿರುವ ಗಟ್ಟಿ ಸೂಜಿ ಒಳ್ಳೆಯದು. ದಾರ ಹತ್ತಿಯದೇ ಇರಲಿ. ಬಲವಾದ ಪಾಲಿಯೆಸ್ಟರ್ ದಾರ ಕಾಲಕ್ರಮದಲ್ಲಿ ಹಳೆಯ ಅರಿವೆಯನ್ನೇ ಕೊಯ್ಯುತ್ತದೆ. ಮೇಲಿಂದ ಮೇಲೆ ಪೋಣಿಸುವ ತೊಂದರೆ ಬೇಡವೆಂದು ಉದ್ದ ದಾರ ತೆಗೆದುಕೊಳ್ಳುವುದು ಹೊಸಬರ ಇನ್ನೊಂದು ತಪ್ಪು. ಜೋಡಿಸಿದ ಮೇಲೆ ಒಂದೂವರೆ ಮೊಳಕ್ಕಿಂತ ಉದ್ದವಿದ್ದರೆ ದಾರ ಸಿಕ್ಕುಬೀಳುತ್ತದೆ, ಅರಿವೆಯಲ್ಲಿ ಹಾದುಹಾದು ಸವೆಯುತ್ತದೆ. ದಾರವನ್ನು ಮೇಣದಬತ್ತಿಗೆ ಒಮ್ಮೆ ಎಳೆದರೆ ಸಿಕ್ಕು ಕಡಿಮೆ.

ಸಾಲು ನೇರ ಬರಲು ಸವೆದ ಸಾಬೂನಿನ ಬಿಲ್ಲೆಯಿಂದ ಗೆರೆ ಹಾಕಿಕೊಳ್ಳಬಹುದು. ಉದ್ದ ಗೆರೆಗೆ ಬಡಿಗರು ಮಾಡುವಂತೆ ಸುಣ್ಣದ ಪುಡಿ ಹಚ್ಚಿದ ನೂಲನ್ನು ಎರಡು ಕಡೆ ಹಿಡಿದು ಹೊಡೆದರೆ ಸಾಕು. ಮೊದಲು ಸುತ್ತಲಿನ ಅಂಚು ಹೊಲಿದು, ಆಮೇಲೆ ನಡುವಿನ ಸಾಲನ್ನೂ ನಂತರ ಅದರ ಎರಡೂ ಪಕ್ಕದ ಸಾಲುಗಳನ್ನೂ ಹೊಲಿಯುತ್ತ ಹೋದರೆ ಅರಿವೆ ಒಂದೇ ಕಡೆಗೆ ಸರಿಯುವುದಿಲ್ಲ. ಪ್ರತಿ ಟಾಕೂ ಮೂರು ಪದರನ್ನೂ ದಾಟಬೇಕು. ನಾಲ್ಕೈದು ಟಾಕಿಗೊಮ್ಮೆ ಕೌದಿಯನ್ನು ಮಗುಚಿ ಕೆಳಪದರು ಸಿಕ್ಕಿದೆಯೇ ಎಂದು ನೋಡಬೇಕು. ದಾರವನ್ನು ಬಿಗಿದೆಳೆಯಬಾರದು. ಎಳೆದರೆ ಅರಿವೆ ನೆರಿಗೆಗಟ್ಟುತ್ತದೆ, ಒಗೆದಾಗ ದಾರ ಹರಿಯುತ್ತದೆ. ದಾರ ಅರಿವೆಯ ಮೇಲೆ ಮಲಗಿದಂತಿರಬೇಕು.

ಕುಳಿತು ಹೊಲಿಯುವಾಗ ಕೌದಿಯನ್ನು ಮಡಿಲಿಗೆ ಎಳೆದುಕೊಳ್ಳದೆ ಮುಂದೆ ಒಂದು ಮಣೆಯಿಟ್ಟು ಅದರ ಮೇಲೆ ಹರವಿಕೊಳ್ಳಬೇಕು. ನಡುಬೆರಳಿಗೆ ಲೋಹದ ಟೊಪ್ಪಿಗೆಯನ್ನೋ ಗಟ್ಟಿ ಅರಿವೆಯನ್ನೋ ಹಾಕಿಕೊಂಡರೆ ಸೂಜಿಯ ಹಿಂಬದಿ ಚುಚ್ಚುವುದಿಲ್ಲ. ಎಷ್ಟು ಸೂಜಿ ತೆಗೆದುಕೊಂಡಿದ್ದೇವೆ ಎಂದು ಎಣಿಸಿ, ಏಳುವಾಗ ಅಷ್ಟೂ ಇವೆಯೇ ಎಂದು ನೋಡುವುದು ಕಡ್ಡಾಯ. ಕೂಸಿನ ಕೌದಿಯಲ್ಲಿ ಮರೆತುಹೋದ ಒಂದು ಸೂಜಿ ದೊಡ್ಡ ಅನಾಹುತಕ್ಕೆ ಸಾಕು.

ತಪ್ಪಾದಾಗ

ಹೊಲಿಗೆ ಸೊಟ್ಟಗಾದರೆ ಚಿಂತೆಯಿಲ್ಲ. ಕೌದಿಯ ಬಾಳಿಕೆಗೆ ಸೊಟ್ಟ ಸಾಲಿನಿಂದ ಹಾನಿಯಿಲ್ಲ, ಅದನ್ನು ಬಿಚ್ಚುವ ಅಗತ್ಯವೂ ಇಲ್ಲ. ಒಳಗೆ ಅರಿವೆ ಗಂಟುಗಟ್ಟಿದ್ದರೆ ಮಾತ್ರ ಆ ಒಂದೆರಡು ಸಾಲು ಬಿಚ್ಚಲೇಬೇಕು. ಬಿಡಬಾರದು, ಏಕೆಂದರೆ ಗಂಟಿರುವಲ್ಲಿಯೇ ಕೌದಿ ಮೊದಲು ಸವೆಯುತ್ತದೆ. ಮೇಲಿನ ಅರಿವೆ ಸ್ವಲ್ಪ ಉಬ್ಬಿದ್ದರೆ ಆ ಭಾಗದಲ್ಲಿ ಸಣ್ಣ ನೆರಿಗೆ ಹಿಡಿದು, ಅದರ ಮೇಲೆ ಒಂದು ತೇಪೆ ಇಟ್ಟು ಹೊಲಿದರೆ ತಪ್ಪು ಅಂದವಾಗಿಯೇ ಮುಚ್ಚುತ್ತದೆ. ಅಂಚು ಅಲೆಯಾಗಿದ್ದರೆ ದಾರವನ್ನು ಅಂಚಿನಲ್ಲಿ ಓಡಿಸಿ, ಸಮವಾಗಿ ಜಗ್ಗಿ, ನಂತರ ಪಟ್ಟಿ ಕಟ್ಟಬೇಕು. ಅಟ್ಟದ ಮೇಲಿರುವ ಅರ್ಧ ಕೌದಿಯನ್ನೂ ಎಸೆಯಬೇಕಾಗಿಲ್ಲ. ಚೆನ್ನಾಗಿ ಬಂದ ಭಾಗವನ್ನು ಕೂಸಿನ ಕೌದಿಯ ಅಳತೆಗೆ ಕತ್ತರಿಸಿ ಅಂಚು ಕಟ್ಟಿದರೆ ಪಟ್ಟ ಶ್ರಮ ಉಳಿಯುತ್ತದೆ.

ಬಳಕೆ ಮತ್ತು ಒಗೆತ

ಎಳೆಗೂಸಿಗೆ ಕೌದಿಯನ್ನು ಕೆಳಗೆ ಬಿಗಿಯಾಗಿ ಹಾಸಲು ಬಳಸುವುದು ಕ್ಷೇಮ. ದಪ್ಪ ಕೌದಿಯನ್ನು ಹೊದಿಸಿ ಮುಖ ಮುಚ್ಚುವಂತೆ ಮಲಗಿಸಬಾರದು, ಉಸಿರು ಕಟ್ಟುವ ಅಪಾಯವಿದೆ. ಮನೆಯಲ್ಲಿ ಯಾರಿಗಾದರೂ ಕಜ್ಜಿಯಿದ್ದರೆ ವೈದ್ಯರ ಚಿಕಿತ್ಸೆಯ ಜೊತೆಗೆ ಅವರು ಬಳಸಿದ ಕೌದಿಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಒಗೆಯಲಾಗದಿದ್ದರೆ ಗಾಳಿಯಾಡದ ಚೀಲದಲ್ಲಿ ಒಂದು ವಾರ ಕಟ್ಟಿಡಬೇಕು. ಒದ್ದೆಯಾದ ಕೌದಿ ಬಹಳ ಭಾರ. ಒಬ್ಬರೇ ಹಿಂಡಿದರೆ ಹೊಲಿಗೆಯೂ ಹರಿಯುತ್ತದೆ, ಸೊಂಟವೂ ಹಿಡಿಯುತ್ತದೆ. ಇಬ್ಬರು ಹಿಡಿದು ನೀರು ಇಳಿಸಿ, ಎರಡೂ ಮಗ್ಗುಲನ್ನು ಬಿಸಿಲಿಗೆ ತಿರುಗಿಸಿ ಒಣಗಿಸಬೇಕು. ಪೂರ್ತಿ ಒಣಗದ ಕೌದಿಯನ್ನು ಮಡಿಚಿಟ್ಟರೆ ಬೂಸ್ಟು ಹಿಡಿಯುತ್ತದೆ.

ದುಡಿಮೆಗೆ ಬೆಲೆ

ಹಳೆಯ ಅರಿವೆಯನ್ನು ಜೋಡಿಸಿ ಹೊಲಿಯುವ ಪದ್ಧತಿ ಈ ಭಾಗಕ್ಕೆ ಮಾತ್ರ ಸೇರಿದ್ದಲ್ಲ. ಮಹಾರಾಷ್ಟ್ರದಲ್ಲಿ ಗೋಧಡಿ, ಬಂಗಾಲದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ ಎಂಬ ಹೆಸರುಗಳಿವೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರು ಅಂಚಿನ ಮೂಲೆಯಿಂದ ಪ್ರಾರಂಭಿಸಿ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗಳಿಗೆ ಅರಿವೆಯ ಸಣ್ಣ ಹೂವು ಹಚ್ಚಿದ ಮೇಲೆಯೇ ಅವರ ಲೆಕ್ಕದಲ್ಲಿ ಕೌದಿ ಪೂರ್ಣವಾಗುವುದು.

ದೂರದ ಅಮೆರಿಕದ ಅಲಬಾಮ ರಾಜ್ಯದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿ ಪರರ ಹೊಲದಲ್ಲಿ ಹತ್ತಿ ಬೆಳೆಯುತ್ತಿದ್ದ ಬಡ ಕಪ್ಪು ಜನಾಂಗದ ಹೆಂಗಸರು, ಹೊಲದಲ್ಲಿ ತೊಟ್ಟು ಹರಿದ ಬಟ್ಟೆಗಳಿಂದಲೇ ಚಳಿಗೆ ಹೊದಿಕೆ ಹೊಲಿದುಕೊಳ್ಳುತ್ತಿದ್ದರು. 1966ರಲ್ಲಿ ಆ ಭಾಗದ ಮಹಿಳೆಯರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರಿ ಸಂಘ ಕಟ್ಟಿ ಮಾರಾಟಕ್ಕೆ ತೊಡಗಿದರು. 2002ರಲ್ಲಿ ಜೀಸ್ ಬೆಂಡ್ ಹೊದಿಕೆಗಳ ಪ್ರದರ್ಶನ ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯದಲ್ಲಿಯೂ ನಂತರ ನ್ಯೂಯಾರ್ಕಿನಲ್ಲಿಯೂ ನಡೆಯಿತು. 2006ರಲ್ಲಿ ಅವುಗಳ ಚಿತ್ರವಿರುವ ಅಂಚೆಚೀಟಿಗಳು ಹೊರಬಂದವು. ಹರಕು ಬಟ್ಟೆಯ ಕೆಲಸವೆಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಕೈಕೆಲಸ ಅದು.

ಇಲ್ಲಿಯೂ ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳಿದ್ದಾರೆ. ಅವರೊಡನೆ ಹತ್ತು ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡುವುದು ವಾಡಿಕೆ. ಮೇಲೆ ಹೇಳಿದ ಲೆಕ್ಕವನ್ನು ಇಲ್ಲಿ ನೆನೆಯಬೇಕು. ನುರಿತ ಕೈ ಒಂದು ಸಾಲಿಗೆ ಕಾಲು ಗಂಟೆ ತೆಗೆದುಕೊಂಡರೂ ದೊಡ್ಡ ಕೌದಿಯ ಸಾಲುಗಳಿಗೆ 12 ಗಂಟೆ, ಅಂದರೆ ದಿನಕ್ಕೆ 8 ಗಂಟೆಯಂತೆ ಒಂದೂವರೆ ದಿನದ ಕೂಲಿ. ಜೋಡಿಸುವ ಕೆಲಸ ಸೇರಿದರೆ ಎರಡು ದಿನವನ್ನೂ ಮೀರುತ್ತದೆ. ಹೊಲದ ಕೆಲಸಕ್ಕೆ ಎಷ್ಟು ಕೂಲಿ ಕೊಡುತ್ತೇವೋ ಸೂಜಿಯ ಕೆಲಸಕ್ಕೂ ಅಷ್ಟು ಸಲ್ಲಬೇಕು. ಒಂದು ಕೌದಿಯನ್ನು ತನ್ನ ಕೈಯಿಂದ ಹೊಲಿದವಳು ಚೌಕಾಸಿ ಮಾಡಲಾರಳು. ಸ್ತ್ರೀಶಕ್ತಿ ಸಂಘಗಳವರು ಕೌದಿ ಮಾಡಿ ಮಾರಲು ಹೊರಟಾಗಲೂ ದಾರದ ಖರ್ಚಿಗೆ ನಾಲ್ಕು ಕಾಸು ಸೇರಿಸಿ ಬೆಲೆ ಕಟ್ಟದೆ, ಗಂಟೆಗಳನ್ನು ಬರೆದಿಟ್ಟು ಬೆಲೆ ಕಟ್ಟಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಸೂಚನೆ. ಕೌದಿ ಕಲಿಸಲು ಹೊರಗಿನಿಂದ ಶಿಕ್ಷಕರನ್ನು ಕರೆತರಬೇಕಾಗಿಲ್ಲ. ಪ್ರತಿ ಊರಿನಲ್ಲಿಯೂ ಎಪ್ಪತ್ತು ದಾಟಿದ ಅಜ್ಜಿಯರಲ್ಲಿ ಈ ಕೆಲಸ ಬಲ್ಲವರು ಇನ್ನೂ ಸಿಗುತ್ತಾರೆ. ಅವರಿಗೆ ಕಣ್ಣು ಸಾಲದು, ಸೂಜಿಗೆ ದಾರ ಪೋಣಿಸಲಾಗದು. ಆದರೆ ಅರಿವೆಯನ್ನು ಬೆರಳ ನಡುವೆ ಹಿಸುಕಿ ನೋಡಿ ಇದು ಒಳಗೆ, ಇದು ಹೊರಗೆ ಎಂದು ಹೇಳಬಲ್ಲರು. ಪೋಣಿಸುವ ಕಣ್ಣುಳ್ಳ ಹುಡುಗಿಯರನ್ನು ಅವರ ಪಕ್ಕದಲ್ಲಿ ಕೂಡಿಸಿದರೆ ತರಬೇತಿ ಪ್ರಾರಂಭವಾದಂತೆಯೇ. ಈ ಕೆಲಸವನ್ನು ಮುಂದೂಡಬಾರದು. ಆ ಕೈಗಳು ಇನ್ನೆಷ್ಟು ಬೇಸಿಗೆ ಇರುತ್ತವೆ ಎಂದು ಯಾರೂ ಹೇಳಲಾರರು.

ತೊಗರಿ ರಾಶಿ ಮುಗಿದು ಬಿಡುವು ಸಿಕ್ಕೊಡನೆ ಅರಿವೆಗಳನ್ನು ಆರಿಸಿ ಒಗೆದಿಡಬಹುದು. ಬೇಸಿಗೆಯ ಬಿಸಿಲಿನಲ್ಲಿ ಒಣಗಿಸಿ ಹೊಲಿದರೆ ಮಳೆಗಾಲದ ತಂಪಿಗೆ ಮೊದಲ ಕೌದಿ ಸಿದ್ಧವಾಗಿರುತ್ತದೆ. ಮೊದಲನೆಯದು ಮೂರು ಅಡಿಯದೇ ಇರಲಿ, ಮೂರೇ ಪದರಿನದಿರಲಿ. ಎಣ್ಣೆ ಹೊಡೆದ ಅಂಗಿ ಮಾತ್ರ ಅದರಲ್ಲಿ ಬೇಡ.